ಕೈಯಾರೆ ಕಟ್ಟಿ ಕ್ಯಾಮೆರಾ, ಆದರೆ ಕೈ ಸುಟ್ಟುಕೋಬೇಡಿ!



ಈ ಪುಟಕ್ಕೆ ಬರುವ ಪತ್ರಗಳಲ್ಲಿ ಮೊದಲೆಲ್ಲ ಒಂದೇ ರಾಗ. “ಸಾರ್, ನೋಡೋಕೆ ಚೆನ್ನಾಗಿದ್ದೀನಿ, ಫೈಟ್ ಬರುತ್ತೆ, ಡ್ಯಾನ್ಸ್ ಬರುತ್ತೆ, ಒಂದೇ ಒಂದು ಚಾನ್ಸ್ ಕೊಡಿಸಿ!” ಈಗ ರಾಗ ಬದಲಾಗಿದೆ. ಹೀರೋ ಆಗೋ ಹುಚ್ಚು ಕೊಂಚ ಇಳಿದು, ಕ್ಯಾಮೆರಾಮನ್ ಆಗೋ ಹುಚ್ಚು ಏರಿದೆ. ಸಂತೋಷ! ತೆರೆಯ ಮೇಲೆ ಮೆರೆಯೋರಿಗಿಂತ ತೆರೆಯ ಹಿಂದೆ ಬೆವರು ಸುರಿಸೋರ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ ಜಾಸ್ತಿ.

ಮೊನ್ನೆ ದಾವಣಗೆರೆ ಕಡೆಯ ಓದುಗ ಮಿತ್ರರೊಬ್ಬರ ಪತ್ರ ಬಂತು. “ಛಾಯಾಗ್ರಾಹಕ ಆಗಲೇಬೇಕು ಅಂತ ತೀರ್ಮಾನ ಮಾಡಿದ್ದೀನಿ. ಅಪ್ಪ ಜಮೀನಿನ ಮೇಲೆ ಎರಡು ಲಕ್ಷ ಸಾಲ ತೆಗೆಯೋಕೆ ಒಪ್ಪಿದ್ದಾರೆ. ಯಾವ ಕ್ಯಾಮೆರಾ ಕೊಳ್ಳಲಿ ಹೇಳಿ ಸಾರ್.”

ಓದಿ ಎದೆ ಧಸಕ್ಕೆಂದಿತು. ಗೆಳೆಯಾ, ಮೊದಲು ಅಪ್ಪನನ್ನು ಬ್ಯಾಂಕಿನ ಬಾಗಿಲಿನಿಂದ ವಾಪಸ್ ಕರ್ಕೊಂಡು ಬಾ. ಆಮೇಲೆ ಮಾತಾಡೋಣ. ಕ್ಯಾಮೆರಾ ಹಿಡಿಯೋದು ಒಂದು ವಿದ್ಯೆ, ಕ್ಯಾಮೆರಾ ತಿಳಿಯೋದು ಇನ್ನೊಂದು ವಿದ್ಯೆ. ಎರಡನೆಯದು ಬಾರದೆ ಮೊದಲನೆಯದು ನಿಲ್ಲೋದಿಲ್ಲ. ತಿಳಿಯೋ ವಿದ್ಯೆಗೆ ಲಕ್ಷ ಬೇಕಾಗಿಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಕಿಟ್, ಎರಡು ಭಾನುವಾರ ಸಾಕು. ಜೊತೆಗೆ ಸ್ವಲ್ಪ ಭಯ ಇರಬೇಕು. ಆ ಭಯದ ವಿಚಾರಕ್ಕೆ ಆಮೇಲೆ ಬರ್ತೀನಿ.

ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ಹೆಸರು ಕೇಳಿದ್ದೀರಲ್ಲ? ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಗುರುದತ್‌ರ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಮೇಲಿಂದ ಇಳಿಯುವ ಆ ಬೆಳಕಿನ ಕಂಬ ಇದೆಯಲ್ಲ, ಅದಕ್ಕೆ ಅವರು ಬಳಸಿದ್ದು ಕನ್ನಡಿಗಳು! ಹೊರಗಿನ ಬಿಸಿಲನ್ನೇ ಕನ್ನಡಿಯಲ್ಲಿ ಹಿಡಿದು ಸ್ಟುಡಿಯೋ ಒಳಗೆ ತಿರುಗಿಸಿದರು. ದುಬಾರಿ ಲೈಟು ಮಾಡದ ಕೆಲಸವನ್ನು ಬೆಳಕಿನ ಗುಣ ಬಲ್ಲ ತಲೆ ಮಾಡಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಏನಂತೀರಿ?

ಮೊದಲ ಡಿಜಿಟಲ್ ಕ್ಯಾಮೆರಾನೇ ಗುಜರಿ ಮಾಲು!

“ಮನೇಲಿ ಕೂತು ಡಿಜಿಟಲ್ ಕ್ಯಾಮೆರಾ ಕಟ್ಟೋದಾ? ತಮಾಷೆ ಮಾಡ್ತೀರಾ?” ಅಂತ ಮೂಗು ಮುರಿಯೋರಿಗೆ ಈ ಕಥೆ.

1975. ಅಮೆರಿಕದ ರೋಚೆಸ್ಟರ್ ಊರಿನ ಕೊಡಕ್ ಕಂಪೆನಿ. ಸ್ಟೀವ್ ಸ್ಯಾಸನ್ ಅನ್ನೋ ಇಪ್ಪತ್ತೈದರ ಎಂಜಿನಿಯರ್. ಫಿಲಂ ಇಲ್ಲದೆ ಫೋಟೋ ತೆಗೆಯೋಕಾಗುತ್ತಾ ಅಂತ ಅವರಿಗೊಂದು ಹುಳ ಹೊಕ್ಕಿತು. ಲೆನ್ಸ್ ಎಲ್ಲಿಂದ ತಂದರು ಗೊತ್ತಾ? ಅದೇ ಕಂಪೆನಿಯ ಸೂಪರ್ 8 ಸಿನಿಮಾ ಕ್ಯಾಮೆರಾ ವಿಭಾಗದ ಹಳೇ ಬಿಡಿಭಾಗಗಳ ಡಬ್ಬಿಯಿಂದ! ಅಂದರೆ ಲೋಕದ ಮೊದಲ ಡಿಜಿಟಲ್ ಕ್ಯಾಮೆರಾದ ಕಣ್ಣು ಸಿನಿಮಾ ಕಣ್ಣೇ. ಹದಿನಾರು ಬ್ಯಾಟರಿ, ಫೋಟೋ ಉಳಿಸೋಕೆ ಟೇಪ್ ರೆಕಾರ್ಡರಿನ ಕ್ಯಾಸೆಟ್ಟು, ಒಟ್ಟು ಮೂರೂವರೆ ಕಿಲೋ ದಾಟಿದ ತೂಕ. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯೋಕೆ 23 ಸೆಕೆಂಡು. ಅದರಲ್ಲಿದ್ದದ್ದು ಅಡ್ಡ 100, ಉದ್ದ 100, ಒಟ್ಟು 10,000 ಚುಕ್ಕಿ. ಅದೂ ಕಪ್ಪು ಬಿಳುಪು. ನೋಡಬೇಕು ಅಂದರೆ ಟಿ.ವಿ.ಗೆ ಜೋಡಿಸಬೇಕು.

ಫಿಲಂ ಮಾರಿಯೇ ಬದುಕುತ್ತಿದ್ದ ಕಂಪೆನಿಗೆ ಫಿಲಂ ಬೇಡದ ಈ ಕೂಸು ಮುದ್ದಾಗಿ ಕಾಣಲಿಲ್ಲ. ಕಾಲ ಉರುಳಿತು. 2012ರ ಜನವರಿಯಲ್ಲಿ ಅದೇ ಕೊಡಕ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಸಿನಿಮಾದ ಕ್ಲೈಮ್ಯಾಕ್ಸ್ ಥರಾ ಇಲ್ಲವೇ?

ಸಿನಿಮಾದಿಂದ ಹುಟ್ಟಿದ ಕಿಟ್

ಈಗ ಇನ್ನೊಂದು ಕಥೆ. ಇದರಲ್ಲಿ ಕಲ್ಕತ್ತೆ ಇದೆ, ನ್ಯೂಯಾರ್ಕ್ ಇದೆ, ನಮ್ಮ ಬೆಂಗಳೂರೂ ಇದೆ.

2004ರಲ್ಲಿ ‘ಬಾರ್ನ್ ಇನ್‌ಟು ಬ್ರಾಥಲ್ಸ್’ ಅನ್ನೋ ಸಾಕ್ಷ್ಯಚಿತ್ರ ಬಂತು. ಕಲ್ಕತ್ತೆಯ ಸೋನಾಗಾಚಿಯ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ಅವರು ತಮ್ಮ ಲೋಕವನ್ನು ತಾವೇ ಹಿಡಿದದ್ದನ್ನು ತೋರಿಸಿದ ಚಿತ್ರ. ಝಾನಾ ಬ್ರಿಸ್ಕಿ ಮತ್ತು ರಾಸ್ ಕಾಫ್‌ಮನ್ ತೆಗೆದದ್ದು. 2005ರಲ್ಲಿ ಅದಕ್ಕೆ ಆಸ್ಕರ್ ಬಂತು. ಈ ಚಿತ್ರದಿಂದ ಸ್ಫೂರ್ತಿ ಪಡೆದವರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಶ್ರೀ ನಾಯರ್ ಒಬ್ಬರು. ರಾಂಚಿಯ ಬಿರ್ಲಾ ತಾಂತ್ರಿಕ ಸಂಸ್ಥೆಯಲ್ಲಿ ಓದಿ ಹೋದ ನಮ್ಮ ದೇಶದವರೇ. “ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟರೆ ಇಷ್ಟಾಗುತ್ತೆ, ಕ್ಯಾಮೆರಾ ಕಟ್ಟೋದನ್ನೇ ಕೊಟ್ಟರೆ?” ಅನ್ನೋ ದಾರಿಯಲ್ಲಿ ಅವರ ಯೋಚನೆ ಹರಿಯಿತು.

ಹೀಗೆ ಹುಟ್ಟಿದ್ದು ‘ಬಿಗ್‌ಶಾಟ್’. ಹೆಸರು ಹೇಗಿದೆ? ಡಬ್ಬಿ ಬಿಚ್ಚಿದರೆ ಬಿಡಿಬಿಡಿ ಭಾಗ. ಸ್ಕ್ರೂಡ್ರೈವರ್ ಹಿಡಿದು ಕೂತರೆ ಕೊನೆಗೆ ಕೈಯಲ್ಲಿ ನಿಜವಾದ ಡಿಜಿಟಲ್ ಕ್ಯಾಮೆರಾ. ಬೆಸುಗೆ ಹಾಕೋ ಗೋಳಿಲ್ಲ. ಮಾರುಕಟ್ಟೆಗೆ ಬರೋ ಮೊದಲು ಇದರ ಮಾದರಿಯನ್ನು ನ್ಯೂಯಾರ್ಕ್, ಟೋಕಿಯೋ, ವಿಯೆಟ್ನಾಮಿನ ವುಂಗ್ ಟಾವ್ ಊರಿನ ಮಕ್ಕಳ ಕೈಗೆ ಕೊಟ್ಟು ನೋಡಿದರು. ಜೊತೆಗೆ ನಮ್ಮ ಬೆಂಗಳೂರಿನ ಮಕ್ಕಳ ಕೈಗೂ! 2013ರಲ್ಲಿ ಕಿಟ್ ಮಾರಾಟಕ್ಕೆ ಬಂತು. ಬೆಲೆ 89 ಡಾಲರ್. ಆಗಿನ ಲೆಕ್ಕದಲ್ಲಿ 5,500 ರೂಪಾಯಿ ಆಸುಪಾಸು.

ಅದರ ಹಿಂಬದಿ ಪಾರದರ್ಶಕ. ಗಾಜಿನ ಪೆಟ್ಟಿಗೆಯೊಳಗಿನ ಕಾರಾಸೇವು ಥರಾ ಒಳಗಿನದೆಲ್ಲ ಕಾಣುತ್ತೆ. ಮಗ್ಗುಲಲ್ಲಿ ತಿರುಗಿಸೋ ಹಿಡಿ. ಬ್ಯಾಟರಿ ಸತ್ತರೆ ಹಿಡಿ ತಿರುಗಿಸಿ, ಒಳಗಿನ ಹಲ್ಲುಚಕ್ರಗಳು ಪುಟ್ಟ ಡೈನಮೋ ಸುತ್ತಿಸಿ ಕರೆಂಟು ಹುಟ್ಟಿಸುತ್ತವೆ. ಸೈಕಲ್ ಡೈನಮೋ ಗೊತ್ತಲ್ಲ, ಅದೇ ತತ್ವ. ಮುಂದೆ ತಿರುಗೋ ಚಕ್ರದಲ್ಲಿ ಮೂರು ಬಗೆಯ ಕಣ್ಣು. ಒಂದು ಮಾಮೂಲಿ ಫೋಟೋಗೆ, ಒಂದು ಅಗಲವಾದ ನೋಟಕ್ಕೆ, ಇನ್ನೊಂದು 3ಡಿಗೆ! ಎಡಗಣ್ಣಿನ ನೋಟ, ಬಲಗಣ್ಣಿನ ನೋಟ ಎರಡೂ ಒಂದೇ ಸಲಕ್ಕೆ ಬೀಳುತ್ತವೆ. ಕಂಪ್ಯೂಟರ್ ಅವೆರಡನ್ನೂ ಬೆರೆಸಿ ಕೊಡುತ್ತೆ. ಕೆಂಪು-ನೀಲಿ ಕನ್ನಡಕ ಹಾಕಿದರೆ ಚಿತ್ರ ಎದ್ದು ಬರುತ್ತೆ. 1984ರಲ್ಲಿ ಮಲಯಾಳಂನ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ಭಾರತದ ಮೊದಲ 3ಡಿ ಚಿತ್ರವಾಗಿ ಬಂದಾಗ ಜನ ಕುರ್ಚಿಯಲ್ಲೇ ಕೈಚಾಚಿದರಲ್ಲ, ಅಲ್ಲೂ ಗುಟ್ಟು ಇದೇ. ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ.

ಇನ್ನೊಂದು ದಾರಿ ಸ್ವಲ್ಪ ದೊಡ್ಡ ಹುಡುಗರದ್ದು. ಕೈಯಗಲದ ಪುಟ್ಟ ಕಂಪ್ಯೂಟರ್ ‘ರಾಸ್‌ಬೆರಿ ಪೈ’ ಇದೆ. ಬ್ರಿಟನ್ನಿನದು, 2012ರಲ್ಲಿ ಬಂದದ್ದು. ಅದಕ್ಕೆ ಕ್ಯಾಮೆರಾ ಬೋರ್ಡ್ 2013ರಲ್ಲಿ ಬಂತು. 2020ರಲ್ಲಿ ಬಂದ ದೊಡ್ಡ ಕ್ಯಾಮೆರಾ ಬೋರ್ಡಿನಲ್ಲಿ 1 ಕೋಟಿ 23 ಲಕ್ಷ ಚುಕ್ಕಿ. ಸಿನಿಮಾ ಹುಚ್ಚರಿಗೆ ಸಿಹಿ ಸುದ್ದಿ ಬೇರೆ: ಅದರ ಬಾಯಿಗೆ ‘ಸಿ ಮೌಂಟ್’ ಲೆನ್ಸ್ ಕೂರುತ್ತೆ. ಹಳೇ 16 ಎಂ.ಎಂ. ಸಿನಿಮಾ ಕ್ಯಾಮೆರಾಗಳಲ್ಲಿ ಇದ್ದದ್ದು ಇದೇ ಜಾತಿಯ ಲೆನ್ಸು! ಅಟ್ಟದ ಮೇಲಿನ ಹಳೇ ಲೆನ್ಸಿಗೆ ಮರುಜನ್ಮ. ಸ್ಯಾಸನ್ ಮಾಡಿದ್ದೂ ಇದನ್ನೇ ತಾನೆ?

ಒಳಗೆ ನಡೆಯೋದೇನು?

ಕಟ್ಟೋ ಮೊದಲು ಕಥೆ ತಿಳಿದಿರಲಿ. ಲೆನ್ಸಿನಿಂದ ಬೆಳಕು ಒಳಗೆ ನುಗ್ಗಿ ತಲೆಕೆಳಗಾದ ಚಿತ್ರ ಮೂಡಿಸುತ್ತೆ. ಅದು ಬೀಳೋ ಜಾಗದಲ್ಲಿ ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ತುಂಡು, ಅದೇ ಸೆನ್ಸರ್. ಅದರ ತುಂಬ ಲಕ್ಷಾಂತರ ಪುಟ್ಟ ಬಾವಿಗಳು ಅಂದ್ಕೊಳ್ಳಿ. ಮಳೆ ನೀರು ತುಂಬಿದ ಹಾಗೆ ಬೆಳಕು ಬಿದ್ದಷ್ಟೂ ಅವುಗಳಲ್ಲಿ ವಿದ್ಯುತ್ ಕಣ ತುಂಬುತ್ತೆ. ಯಾವ ಬಾವಿಯಲ್ಲಿ ಎಷ್ಟು ಅಂತ ಎಣಿಸಿದರೆ ಅದೇ ಫೋಟೋ.

ಹಾಗಾದರೆ ಬಣ್ಣ? ಬಾವಿಗಳಿಗೆ ಬಣ್ಣದ ಗೊತ್ತುಗುರಿ ಇಲ್ಲ. ಆದ್ದರಿಂದ ಪ್ರತಿಯೊಂದರ ಮೇಲೂ ಬಣ್ಣದ ಪುಟ್ಟ ಗಾಜು. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಹಸಿರಿಗೆ ಯಾಕೆ ದುಪ್ಪಟ್ಟು ಪಾತ್ರ? ನಮ್ಮ ಕಣ್ಣು ಹಸಿರಿನಲ್ಲೇ ಹೆಚ್ಚು ಚುರುಕು. ಕೊಡಕ್‌ನ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ನಿಮ್ಮ ಜೇಬಿನ ಮೊಬೈಲಿನಲ್ಲೂ ಕೆಲಸ ಮಾಡ್ತಿರೋದು ಅದೇ ಲೆಕ್ಕ.

ಇದು ತಿಳಿದ ಹುಡುಗನಿಗೆ ಮುಂದೆ ಸೆಟ್ಟಿನಲ್ಲಿ ಕತ್ತಲ ದೃಶ್ಯ ಯಾಕೆ ಮರಳು ಮರಳಾಗಿ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬಾವಿಗೆ ನೀರು ಸಾಲಲಿಲ್ಲ, ಅಷ್ಟೇ. ಫ್ಯಾನಿನ ರೆಕ್ಕೆ ಯಾಕೆ ಬಾಳೆಹಣ್ಣಿನ ಹಾಗೆ ಬಾಗಿ ಕಾಣುತ್ತೆ? ಬಹುಪಾಲು ಸೆನ್ಸರ್‌ಗಳು ಚಿತ್ರವನ್ನು ಒಂದೇ ಏಟಿಗೆ ಓದೋದಿಲ್ಲ, ಸಾಲು ಸಾಲಾಗಿ ಓದುತ್ತವೆ. ಓದೋಷ್ಟರಲ್ಲಿ ರೆಕ್ಕೆ ಜಾಗ ಬದಲಿಸಿರುತ್ತೆ!

ಕಟ್ಟೋಕೆ ಕೂತಾಗ

ಜಾಗ: ಗಟ್ಟಿ ಮೇಜು, ಮೇಲೆ ತಿಳಿಬಣ್ಣದ ಹತ್ತಿ ಬಟ್ಟೆ. ಬಿದ್ದ ಸ್ಕ್ರೂ ಉರುಳಿ ಹೋಗೋದಿಲ್ಲ, ಕಣ್ಣಿಗೂ ಬೀಳುತ್ತೆ. ಸ್ಕ್ರೂಗಳಿಗೆ ಒಂದು ಬಟ್ಟಲು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಟ್ಟಲು ಅವರ ಕೈಗೆ ಎಟುಕದ ಹಾಗೆ ಇಡಿ. ಚಿಕ್ಕ ಸ್ಕ್ರೂ, ಗುಂಡಿ ಸೆಲ್ಲು ಮಕ್ಕಳ ಬಾಯಿಗೆ ಹೋದರೆ ಪ್ರಾಣಕ್ಕೇ ಸಂಚಕಾರ.

ಬಟ್ಟೆ: ಅಂದು ಆ ನೈಲಾನ್ ಶರ್ಟು ಬೇಡ, ಹತ್ತಿ ಬನಿಯನ್ನೇ ಸಾಕು. ಚಳಿಗಾಲದಲ್ಲಿ ಶರ್ಟು ತೆಗೆಯುವಾಗ ಚಟಪಟ ಅನ್ನುತ್ತಲ್ಲ, ಆ ಕಿಡಿ ನಮಗೆ ಕಚಗುಳಿ, ಚಿಪ್ಪಿಗೆ ಸಾವು. ಕೆಲಸಕ್ಕೆ ಮುಂಚೆ ನೆಲಕ್ಕೆ ತಾಗಿದ ಬಣ್ಣವಿಲ್ಲದ ಕಬ್ಬಿಣ, ಕಿಟಕಿಯ ಸರಳು ಇಂಥದ್ದನ್ನು ಒಮ್ಮೆ ಮುಟ್ಟಿ. ಬೋರ್ಡನ್ನು ಅಂಚಿನಲ್ಲಿ ಹಿಡೀರಿ, ಹಳೇ ಗ್ರಾಮಫೋನ್ ತಟ್ಟೆ ಹಿಡಿದ ಹಾಗೆ.

ಸ್ಕ್ರೂ: ಪ್ಲಾಸ್ಟಿಕ್ಕಿಗೆ ಬಿಗಿಯುವಾಗ ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಿ. ‘ಟಿಕ್’ ಅಂತ ಒಂದು ಸಣ್ಣ ಇಳಿತ ಗೊತ್ತಾಗುತ್ತೆ. ಎಳೆ ಸಿಕ್ಕಿತು ಅಂತ ಅರ್ಥ. ಆಮೇಲೆ ಬಲಕ್ಕೆ. ತಡೆದ ತಕ್ಷಣ ನಿಲ್ಲಿಸಿ. ಫೈಟಿಂಗ್ ಸೀನಿನ ಬಲ ತೋರಿಸಿದರೆ ಎಳೆ ಕಿತ್ತು ಹೋಗುತ್ತೆ, ಮತ್ತೆ ಕೂರೋದಿಲ್ಲ.

ರಿಬ್ಬನ್ ಕೇಬಲ್: ಕಾಗದದಷ್ಟು ತೆಳ್ಳಗಿನ ಆ ಪಟ್ಟಿಯನ್ನು ತಳ್ಳಿ ತುರುಕಬಾರದು. ಸಾಕೆಟ್ಟಿನ ಪುಟ್ಟ ಬೀಗವನ್ನು ಉಗುರಿನಲ್ಲಿ ಎತ್ತಿ, ಪಟ್ಟಿಯನ್ನು ನೇರವಾಗಿ ಜಾರಿಸಿ, ಬೀಗ ಒತ್ತಿ. ಕರೆಂಟು ಇರುವಾಗ ಇದನ್ನು ಹಾಕೋದೂ ಬೇಡ, ತೆಗೆಯೋದೂ ಬೇಡ.

ಸೆನ್ಸರ್: ಮುಟ್ಟಲೇಬಾರದು. ದೂಳು ಕೂತರೆ ಗಾಳಿ ಹೊಡೆಯೋ ರಬ್ಬರ್ ಬುಗ್ಗೆ ಬಳಸಿ. ಬಾಯಲ್ಲಿ ಉಫ್ ಅಂದರೆ ಎಂಜಲು ಹಾರಿ ಕೂರುತ್ತೆ.

ಬ್ಯಾಟರಿ: ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ಕೆಂಪು ತಂತಿ ಧನ, ಕಪ್ಪು ಋಣ. ಕಿಟ್ಟಿನ ಚಿತ್ರದ ಜೊತೆ ಎರಡು ಸಲ ತಾಳೆ ನೋಡಿ. ಸ್ವಿಚ್ ಹಾಕಿದ ಮೊದಲ ನಿಮಿಷ ಕೈ ಇಟ್ಟು ನೋಡಿ. ಸುಡ್ತಾ ಇದೆಯಾ? ವಾಸನೆ ಬರ್ತಾ ಇದೆಯಾ? ಆ ಕ್ಷಣವೇ ಕಿತ್ತುಬಿಡಿ.

ಇಬ್ಬರು ಖಳನಾಯಕರು

ಸಿನಿಮಾಗೂ ಬೆಂಕಿಗೂ ಹಳೇ ನಂಟು. 1897ರ ಮೇ 4ರಂದು ಪ್ಯಾರಿಸ್ಸಿನ ಒಂದು ದಾನಮೇಳದಲ್ಲಿ ಸಿನಿಮಾ ಪ್ರದರ್ಶನದ ದೀಪದಿಂದ ಹೊತ್ತಿದ ಬೆಂಕಿಗೆ 120ಕ್ಕೂ ಹೆಚ್ಚು ಜನ ಬಲಿಯಾದರು. ಲೂಮಿಯೇ ಸೋದರರು ಟಿಕೆಟ್ಟಿಟ್ಟು ಸಿನಿಮಾ ತೋರಿಸಿ ಆಗ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಆಮೇಲೆ ಐವತ್ತು ವರ್ಷಕ್ಕೂ ಮಿಕ್ಕಿ ಓಡಿದ ನೈಟ್ರೇಟ್ ಫಿಲಂ, ಒಮ್ಮೆ ಹೊತ್ತಿಕೊಂಡರೆ ಹೊರಗಿನ ಗಾಳಿಯ ಹಂಗೂ ಇಲ್ಲದೆ ಉರಿಯೋ ಮಾಲು. ಪ್ರೊಜೆಕ್ಟರ್ ರೂಮಿನ ಬಾಗಿಲಲ್ಲಿ ಕೆಂಪು ಬಕೆಟ್ಟಿನ ಮರಳು ಸುಮ್ಮನೆ ನೇತಾಡ್ತಾ ಇರಲಿಲ್ಲ ಗೆಳೆಯರೇ.

ಈಗ ಆ ಪಾತ್ರ ಲಿಥಿಯಂ ಬ್ಯಾಟರಿಗೆ. ಮೊದಲ ಖಳನಾಯಕ ಇವನೇ. ನೋಡೋಕೆ ಸಾಧು, ಮೊಬೈಲಿನಲ್ಲಿ ದಿನಾ ಜೊತೇಲೇ ಇರ್ತಾನೆ. ಚುಚ್ಚಿದರೆ, ಮಡಿಸಿದರೆ, ಎರಡು ತಂತಿ ಒಂದಕ್ಕೊಂದು ತಗುಲಿಸಿದರೆ, ಹದ ಮೀರಿ ಚಾರ್ಜ್ ಮಾಡಿದರೆ ನಿಜರೂಪ ತೋರಿಸ್ತಾನೆ. ಒಂದು ಸೆಲ್ಲಿನ ಮಾಮೂಲಿ ಒತ್ತಡ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2 ವೋಲ್ಟ್. ಅದನ್ನು ದಾಟಿಸಬಾರದು. ಅದಕ್ಕೇ ಲಿಥಿಯಂಗೆ ಅಂತಲೇ ಮಾಡಿದ ಚಾರ್ಜರ್ ಬೇಕು, ಸೆಲ್ಲಿಗೆ ರಕ್ಷಣಾ ಸರ್ಕ್ಯೂಟ್ ಇರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುತ್ತೋರು ಅಗ್ಗಕ್ಕೆ ಸಿಕ್ತು ಅಂತ ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲು ತರಬೇಡಿ.

ಚಾರ್ಜಿಗೆ ಹಾಕಿ ಮಲಗಬೇಡಿ. ಹಾಸಿಗೆ ಮೇಲೆ, ದಿಂಬಿನ ಕೆಳಗೆ ಖಂಡಿತ ಬೇಡ. ಕಲ್ಲಿನ ನೆಲವೋ ಕಡಪ ಚಪ್ಪಡಿಯೋ ಒಳ್ಳೇದು. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಸೆಲ್ಲು ಪೂರಿ ಥರಾ ಉಬ್ಬಿದರೆ ಅದರ ಕಥೆ ಮುಗಿಯಿತು. ಚುಚ್ಚಿ ಗಾಳಿ ತೆಗೆಯೋ ಸಾಹಸ ಬೇಡ, ಮನೆಯ ಕಸದ ಬುಟ್ಟಿಗೂ ಬೇಡ. ಹಳೇ ಬ್ಯಾಟರಿ ತಗೊಳ್ಳೋ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಹೊಗೆ ಬಂತು ಅಂದ್ಕೊಳ್ಳಿ: ಮುಖ ಹತ್ತಿರ ಒಯ್ಯಬೇಡಿ, ಆ ಹೊಗೆ ವಿಷ. ಗೋಡೆಯ ಸ್ವಿಚ್ ಆರಿಸಿ, ಎಲ್ಲರೂ ಹೊರಗೆ ಬನ್ನಿ, 112ಕ್ಕೋ 101ಕ್ಕೋ ಫೋನ್ ಮಾಡಿ. ಕ್ಯಾಮೆರಾ ಉಳಿಸೋಕೆ ಹೋಗಿ ಕೈ ಕಳ್ಕೊಂಡರೆ ಆಮೇಲೆ ಕ್ಯಾಮೆರಾ ಹಿಡಿಯೋರು ಯಾರು?

ಎರಡನೇ ಖಳನಾಯಕ ಇನ್ನೂ ಮೋಸಗಾರ. ಹಳೇ ಕ್ಯಾಮೆರಾದ ಫ್ಲ್ಯಾಶಿನಲ್ಲಿರೋ ಕೆಪಾಸಿಟರ್. ‘ಕುಂಯ್...’ ಅಂತ ಸದ್ದು ಮಾಡಿ ಫ್ಲ್ಯಾಶ್ ತಯಾರಾಗುತ್ತಲ್ಲ, ಆಗ ಪುಟ್ಟ ಬ್ಯಾಟರಿಯ ಕರೆಂಟು ಏರಿ ಏರಿ ಸುಮಾರು 300 ವೋಲ್ಟಿಗೆ ಹೋಗಿ ಈ ಕೆಪಾಸಿಟರಿನಲ್ಲಿ ಅವಿತು ಕೂರುತ್ತೆ. ಮನೆಯ ಗೋಡೆಯ ಪ್ಲಗ್ಗಿನಲ್ಲಿರೋದು 230 ವೋಲ್ಟು, ನೆನಪಿರಲಿ! ಬ್ಯಾಟರಿ ತೆಗೆದರೂ ಇದು ಹೋಗೋದಿಲ್ಲ. ಸತ್ತಂತೆ ಬಿದ್ದಿದ್ದು, ಬಗ್ಗಿ ನೋಡಿದಾಗ ಎದ್ದು ಇರಿಯೋ ವಿಲನ್ ಥರಾ.

ನಾನು ಕಣ್ಣಾರೆ ಕಂಡದ್ದು. ಹಿಂದೊಮ್ಮೆ ಹೊರಾಂಗಣ ಚಿತ್ರೀಕರಣದಲ್ಲಿ ಸ್ಟಿಲ್ ಫೋಟೋಗ್ರಾಫರರ ಸಹಾಯಕ ಹುಡುಗನೊಬ್ಬ, ಚುರುಕಾದವನು, ಕೆಟ್ಟ ಫ್ಲ್ಯಾಶನ್ನು ಸ್ಟೂಲಿನ ಮೇಲೆ ಕೂತು ಬಿಚ್ಚಿದ. “ಸೆಲ್ ತೆಗೆದಿದ್ದೀನಿ ಅಣ್ಣಾ, ಏನಾಗಲ್ಲ” ಅಂದ. ಮರುಕ್ಷಣ ‘ಫಟ್’ ಅಂತ ಸದ್ದು. ಸ್ಕ್ರೂಡ್ರೈವರಿನ ತುದಿ ಕಪ್ಪಾಯಿತು, ಹುಡುಗ ಸ್ಟೂಲಿನಿಂದ ಹಿಂದಕ್ಕೆ ಬಿದ್ದ. ಸಂಜೆವರೆಗೂ ತೋಳು ಜೋಮು. ಅವನ ಅದೃಷ್ಟ, ಹಿಂದೆ ಇದ್ದದ್ದು ಹುಲ್ಲು. ಅಲ್ಲೊಂದು ಬಂಡೆ ಇದ್ದಿದ್ದರೆ?

ಆದ್ದರಿಂದ ನನ್ನ ಕಟ್ಟುನಿಟ್ಟಿನ ಮಾತು: ಕಲಿಯೋಕೆ ಅಂತ ಗುಜರಿಯಿಂದ ಹಳೇ ಫ್ಲ್ಯಾಶ್ ಕ್ಯಾಮೆರಾ ತಂದು ಬಿಚ್ಚಬೇಡಿ. ಬಲ್ಲವರು ಪಕ್ಕದಲ್ಲಿ ಕೂತು ತೋರಿಸಿದರೆ ಆ ಮಾತು ಬೇರೆ. ಬಿಗ್‌ಶಾಟ್‌ನಂಥ ಕಿಟ್ಟಿಗೆ ಎಲ್.ಇ.ಡಿ. ಫ್ಲ್ಯಾಶ್ ಇಟ್ಟಿದ್ದರ ಲಾಭ ಇಲ್ಲೇ ಇದೆ. ಅದಕ್ಕೆ 300 ವೋಲ್ಟಿನ ಭೂತ ಬೇಕಿಲ್ಲ. ಯಾವ ಕಿಟ್ ಕೊಂಡರೂ ಮೊದಲು ಕೇಳಬೇಕಾದ ಪ್ರಶ್ನೆ: ಫ್ಲ್ಯಾಶ್ ಎಲ್.ಇ.ಡಿ.ಯೋ, ಹಳೇ ಕಾಲದ ಝೆನಾನ್ ಟ್ಯೂಬೋ?

ಫ್ಲ್ಯಾಶಿಗೆ ಮೂರ್ಛೆ ಹೋದ ಕಂಪ್ಯೂಟರ್!

ಇಷ್ಟು ಹೆದರಿಸಿದ ಮೇಲೆ ಒಂದು ನಗೆಯ ಪ್ರಸಂಗ. 2015ರ ಫೆಬ್ರವರಿಯಲ್ಲಿ ‘ರಾಸ್‌ಬೆರಿ ಪೈ 2’ ಹೊಸದಾಗಿ ಬಂತು. ಕೊಂಡವರು ಸಡಗರದಿಂದ ಅದರ ಫೋಟೋ ತೆಗೆದರು. ಝೆನಾನ್ ಫ್ಲ್ಯಾಶ್ ಮಿಂಚಿದ್ದೇ ತಡ, ಕಂಪ್ಯೂಟರ್ ಸ್ತಬ್ಧ! ಕ್ಯಾಮೆರಾ ಕಂಡು ಮೂರ್ಛೆ ಹೋದ ಹೊಸ ನಾಯಕಿ ಥರಾ. ಯಾಕೆ ಅಂತ ಹುಡುಕಿದರೆ, ಬೋರ್ಡಿನ ಒಂದು ಪುಟ್ಟ ಚಿಪ್ಪಿಗೆ ಕಪ್ಪು ಹೊದಿಕೆ ಇರಲಿಲ್ಲ, ಬೆತ್ತಲೆ ಸಿಲಿಕಾನ್. ಜೋರು ಬೆಳಕು ಬಿದ್ದಾಗ ಅದರಲ್ಲಿ ವಿದ್ಯುತ್ ಹುಟ್ಟಿ ಲೆಕ್ಕ ತಪ್ಪುತ್ತಿತ್ತು. ಪರಿಹಾರ? ಆ ಚಿಪ್ಪಿನ ಮೇಲೆ ಬೆಳಕು ಬೀಳದ ಹಾಗೆ ಏನಾದರೂ ಮುಚ್ಚೋದು!

ನಗು ಬರುತ್ತೆ, ಸರಿ. ಆದರೆ ಯೋಚಿಸಿ. ಬೆಳಕು ಬಿದ್ದರೆ ಸಿಲಿಕಾನಿನಲ್ಲಿ ವಿದ್ಯುತ್ ಹುಟ್ಟುತ್ತೆ, ಸೆನ್ಸರ್ ಕೆಲಸ ಮಾಡೋದೂ ಇದೇ ಗುಣದಿಂದ. ತಪ್ಪು ಜಾಗದಲ್ಲಿ ಅದು ಕಾಯಿಲೆ, ಸರಿ ಜಾಗದಲ್ಲಿ ಅದೇ ಕ್ಯಾಮೆರಾ.

ಇನ್ನು ಶೂಟಿಂಗ್!

ಕ್ಯಾಮೆರಾ ಸಿದ್ಧ. ಹೊರಗೆ ಹೊರಟಿರಾ? ನಿಲ್ಲಿ, ಇನ್ನು ನಾಲ್ಕು ಮಾತು.

ಸೂರ್ಯನತ್ತ ಲೆನ್ಸ್ ನೆಟ್ಟು ಇಡಬೇಡಿ. ಬೂದುಗಾಜಿನಿಂದ ಕಾಗದ ಸುಟ್ಟ ನೆನಪಿದೆಯಲ್ಲ, ಲೆನ್ಸಿನ ಹಿಂದೆ ಸೆನ್ಸರಿಗೆ ಆಗೋದು ಅದೇ. ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಿದರೆ ಸುಡೋದು ನಿಮ್ಮ ಕಣ್ಣೇ.

ತಂತಿ, ಬ್ಯಾಟರಿ, ಟೇಪು ಸುತ್ತಿದ ಡಬ್ಬಿಯನ್ನು ಬಸ್ ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಬೆಂಚಿನ ಮೇಲೆ ಇಟ್ಟು ಟೀ ಕುಡಿಯೋಕೆ ಹೋಗಬೇಡಿ. 2015ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ 14 ವರ್ಷದ ಹುಡುಗನೊಬ್ಬ ಮನೆಯಲ್ಲಿ ಜೋಡಿಸಿದ ಗಡಿಯಾರ ಶಾಲೆಗೆ ತಂದು ತೋರಿಸಿದ್ದಕ್ಕೆ, ಬಾಂಬಿರಬಹುದು ಅಂತ ಅವನ ಕೈಗೆ ಬೇಡಿ ಬಿತ್ತು. ಕ್ಯಾಮೆರಾಗೆ ಅಂದವಾದ ಕವಚ ಹಾಕಿ, ಕೇಳಿದವರಿಗೆ ಬಿಚ್ಚಿ ತೋರಿಸಿ.

ಕ್ಯಾಮೆರಾ ಚಿಕ್ಕದಿದೆ ಅಂತ ಕದ್ದು ಫೋಟೋ ತೆಗೆಯೋ ಚಾಳಿ ಬೇಡ. ಕಾಲೇಜು ಹುಡುಗಿಯರಿರಲಿ, ಬೀದಿ ಬದಿಯ ಅಜ್ಜಿಯಿರಲಿ, “ಒಂದು ಫೋಟೋ ತೆಗೀಲಾ?” ಅಂತ ಕೇಳಿ. ಬೇಡ ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಒಳ್ಳೇ ಛಾಯಾಗ್ರಾಹಕನಿಗೆ ಮುಖ ಕೊಡೋರು ನಂಬಿಕೆಯಿಂದ ಕೊಡ್ತಾರೆ.

ಮತ್ತೆ ನಮ್ಮ ಹುಡುಗರಿಗೆ ವಿಶೇಷ ಸೂಚನೆ: ನಿಮ್ಮ ಕ್ಯಾಮೆರಾ ಥಿಯೇಟರ್ ಒಳಗೆ ಬೇಡವೇ ಬೇಡ! ನೆಚ್ಚಿನ ನಟನ ಎಂಟ್ರಿ ಸೀನು ಹಿಡಿಯೋ ಆಸೆ ನನಗೂ ಅರ್ಥ ಆಗುತ್ತೆ. ಆದರೆ 2023ರ ತಿದ್ದುಪಡಿಯ ನಂತರ ಸಿನಿಮಾಟೋಗ್ರಾಫ್ ಕಾಯಿದೆ ಪ್ರಕಾರ ಅನುಮತಿಯಿಲ್ಲದೆ ಚಿತ್ರಮಂದಿರದಲ್ಲಿ ಸಿನಿಮಾ ರೆಕಾರ್ಡ್ ಮಾಡಿದರೆ ಕಡಿಮೆ ಅಂದರೂ ಮೂರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು. ಜುಲ್ಮಾನೆ ಮೂರು ಲಕ್ಷದಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ನೂರಕ್ಕೆ ಐದರವರೆಗೂ ಏರಬಹುದು. ಅಭಿಮಾನ ಇದ್ದರೆ ಇನ್ನೊಂದು ಟಿಕೆಟ್ ತಗೊಂಡು ಇನ್ನೊಂದು ಸಲ ನೋಡಿ.

ಹಾಗಾದರೆ ಏನನ್ನು ಚಿತ್ರೀಕರಿಸೋಣ? ಅದಕ್ಕೂ ಒಬ್ಬ ಗುರು ಇದ್ದಾರೆ. ದಾದಾಸಾಹೇಬ್ ಫಾಲ್ಕೆ. 1912ರಲ್ಲಿ ಲಂಡನ್ನಿನಿಂದ ವಿಲಿಯಮ್‌ಸನ್ ಕ್ಯಾಮೆರಾ ತಂದ ಮೇಲೆ ಅವರು ನೇರವಾಗಿ ‘ರಾಜಾ ಹರಿಶ್ಚಂದ್ರ’ಕ್ಕೆ ಕೈ ಹಾಕಲಿಲ್ಲ. ಮೊದಲು ಒಂದು ಕುಂಡದಲ್ಲಿ ಬಟಾಣಿ ಬಿತ್ತಿದರು. ಅದರ ಮುಂದೆ ಕ್ಯಾಮೆರಾ ಇಟ್ಟು, ಬೀಜ ಮೊಳೆತು ಗಿಡವಾಗಿ ಏಳೋದನ್ನು ಬಿಟ್ಟು ಬಿಟ್ಟು ಚಿತ್ರೀಕರಿಸಿದರು. ಗಿಡ ಕಣ್ಣೆದುರೇ ಸರಸರ ಬೆಳೆಯೋ ಆ ಪುಟ್ಟ ಚಿತ್ರ ತೋರಿಸಿ, ಹಣ ಹಾಕೋರಲ್ಲಿ ನಂಬಿಕೆ ಹುಟ್ಟಿಸಿದರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂತು. ಆ ಮಹಾವೃಕ್ಷಕ್ಕೆ ಬೀಜ ಒಂದು ಬಟಾಣಿ!

ನೀವೂ ಅದನ್ನೇ ಮಾಡಿ. ನಮ್ಮ ಕಡೆಯ ಅವರೆಕಾಳೇ ಆಗಲಿ. ಒಂದು ಹಳೇ ಡಬ್ಬಿಗೆ ಮಣ್ಣು ತುಂಬಿ ಬಿತ್ತಿ, ಕೈಯಾರೆ ಕಟ್ಟಿದ ಕ್ಯಾಮೆರಾವನ್ನು ಕದಲದ ಹಾಗೆ ಎದುರಿಗೆ ಕೂರಿಸಿ. ದಿನಕ್ಕೆ 24 ಫೋಟೋ, ಗಂಟೆಗೊಂದು. ಎಬ್ಬಿಸಿ ಎಬ್ಬಿಸಿ ಅಮ್ಮ ಬೈಯ್ದರೆ ಹಗಲು ಮಾತ್ರ ತೆಗೀರಿ! ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತೆ. ಅಂದರೆ ನಿಮ್ಮ ಒಂದು ದಿನದ ಕಾವಲು ತೆರೆಯ ಮೇಲೆ ಒಂದೇ ಒಂದು ಸೆಕೆಂಡು. ಹತ್ತು ದಿನ ಕಾದರೆ ಹತ್ತು ಸೆಕೆಂಡು. ಕ್ಯಾಮೆರಾಮನ್‌ನ ತಾಳ್ಮೆ ಅಂದರೇನು ಅಂತ ಆಗ ಮೈಗೆ ಹತ್ತುತ್ತೆ.

ಆ ಹತ್ತು ಸೆಕೆಂಡಿನ ಚಿತ್ರ ತಗೊಂಡು ಯಾವ ಛಾಯಾಗ್ರಾಹಕರ ಮುಂದೆ ಬೇಕಾದರೂ ಹೋಗಿ ನಿಲ್ಲಿ. “ಸಾರ್, ಕ್ಯಾಮೆರಾನೂ ನಾನೇ ಕಟ್ಟಿದ್ದು” ಅನ್ನಿ. ಸಹಾಯಕನಾಗಿ ಸೇರಿಸಿಕೊಳ್ಳೋದು ಬಿಡೋದು ಅವರಿಷ್ಟ. ಆದರೆ ಒಂದು ನಿಮಿಷ ನಿಂತು ನಿಮ್ಮ ಮಾತು ಕೇಳೇ ಕೇಳ್ತಾರೆ. ಗಾಂಧೀನಗರದಲ್ಲಿ ಆ ಒಂದು ನಿಮಿಷದ ಬೆಲೆ ಏನು ಅಂತ ಅಲ್ಲಿ ಅಲೆದವರನ್ನು ಕೇಳಿ ನೋಡಿ!

ಸರಿ, ಸ್ಕ್ರೂಡ್ರೈವರ್ ಹುಡುಕಿ. ಬ್ಯಾಟರಿ ಕೊನೆಗೆ, ನೆನಪಿರಲಿ. ಮುಂದಿನ ವಾರ ಮತ್ತೆ ಸಿಗೋಣ.